ವಿಯೆನ್ನಾದ ಪ್ರಾಟರ್: ಜಾತ್ರೆಗೆ ಹೋದ ಹಾಗೆ ಹೋಗಿ

ವಿಯೆನ್ನಾಗೆ ಹೋದ ನಮ್ಮವರು ಪ್ರಾಟರ್ ಅನ್ನುವ ಆಟಗಳ ಬಯಲಿನ ದೊಡ್ಡ ಚಕ್ರದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಂಡು ಬರುತ್ತಾರೆ. ನಾನೂ ಮೊದಲ ಸಲ ಅದನ್ನೇ ಮಾಡಿದೆ. ಜೊತೆಗೆ ಇನ್ನೊಂದು ಪೆದ್ದುತನವನ್ನೂ ಮಾಡಿದೆ. ಒಳಗೆ ಕಾಲಿಟ್ಟು ಹತ್ತು ನಿಮಿಷ ಆಗಿರಲಿಲ್ಲ, ಕಣ್ಣಿಗೆ ಬಿದ್ದ ಮೊದಲ ಡ್ಯಾಶಿಂಗ್ ಕಾರ್ ಅಂಗಳದಲ್ಲಿ ಒಂದು ಹಿಡಿ ಟೋಕನ್ ಕೊಂಡೆ. ಒಟ್ಟಿಗೆ ಕೊಂಡರೆ ಅಗ್ಗ ಅಂತ ಬರೆದಿತ್ತು. ಎರಡು ಸುತ್ತಿಗೆ ಮಗಳಿಗೆ ಸಾಕಾಯಿತು. ಉಳಿದ ಟೋಕನ್‌ಗಳನ್ನು ಪಕ್ಕದ ಅಂಗಳದಲ್ಲಿ ತೋರಿಸಿದರೆ ಅಲ್ಲಿದ್ದವನು ನಕ್ಕು ತಲೆ ಅಲ್ಲಾಡಿಸಿದ. ಅದು ಅವರ ಅಂಗಡಿ, ಇದು ನಮ್ಮ ಅಂಗಡಿ ಅನ್ನುವ ನಗು ಅದು. ಆ ಟೋಕನ್‌ಗಳು ಈಗಲೂ ನಮ್ಮ ಮನೆಯ ಚಿಲ್ಲರೆ ಡಬ್ಬದಲ್ಲಿವೆ.

ಆಮೇಲೆ ಅರ್ಥವಾಯಿತು. ಇದು ವಂಡರ್‌ಲಾ ತರ ಗೇಟಿನಲ್ಲಿ ದುಡ್ಡು ಕೊಟ್ಟು ಇಡೀ ದಿನ ಆಡುವ ಜಾಗ ಅಲ್ಲ. ಇದು ಜಾತ್ರೆ. ಒಳಗೆ ಹೋಗಲು ದುಡ್ಡಿಲ್ಲ, ಪ್ರತಿ ಆಟಕ್ಕೂ ಬೇರೆ ಟಿಕೆಟ್, ಪ್ರತಿ ಆಟಕ್ಕೂ ಬೇರೆ ಯಜಮಾನ. ನಮ್ಮೂರ ಜಾತ್ರೆಯಲ್ಲಿ ಹೇಗೆ ನಡೆದುಕೊಳ್ಳುತ್ತೇವೋ ಇಲ್ಲೂ ಹಾಗೇ ನಡೆದುಕೊಂಡರೆ ದುಡ್ಡೂ ಉಳಿಯುತ್ತದೆ, ನೋಡಬೇಕಾದದ್ದೂ ಸಿಗುತ್ತದೆ. ಎರಡನೇ ಸಲ ಅತ್ತೆಯವರನ್ನೂ ಕರೆದುಕೊಂಡು ಹೋದಾಗ ಹಾಗೇ ಮಾಡಿದೆ. ಕೆಳಗಿರುವುದು ಆ ಎರಡನೇ ಸಲದ ಕ್ರಮ.

1. ಮೊದಲು ಜಾಗದ ಲೆಕ್ಕ ತಿಳಿದುಕೊಳ್ಳಿ

ಪ್ರಾಟರ್ ಅನ್ನುವ ಒಂದೇ ಹೆಸರಿನಲ್ಲಿ ಎರಡು ಜಾಗ ಇವೆ. ಒಂದು, ಸುಮಾರು ಆರು ಚದರ ಕಿಲೋಮೀಟರ್ ಹರಡಿರುವ ಮರ, ಹುಲ್ಲು, ನೀರಿನ ಬಯಲು. ಇನ್ನೊಂದು, ಆ ಬಯಲಿನ ನಗರದ ಕಡೆಯ ಮೂಲೆಯಲ್ಲಿರುವ ಆಟಗಳ ಬೀದಿ. ಇದನ್ನು ವುರ್ಸ್ಟಲ್‌ಪ್ರಾಟರ್ ಅನ್ನುತ್ತಾರೆ. ವುರ್ಸ್ಟ್ ಅಂದರೆ ಸಾಸೇಜ್ ಅಂತ ಗೊತ್ತಿದ್ದವರು ಇದು ತಿಂಡಿ ಬೀದಿ ಅಂದುಕೊಳ್ಳುತ್ತಾರೆ. ಅಲ್ಲ. ಇಲ್ಲಿನ ಗೊಂಬೆಯಾಟದಲ್ಲಿ ಹಾನ್ಸ್‌ವುರ್ಸ್ಟ್ ಅನ್ನುವ ಹಾಸ್ಯಗಾರ ಇದ್ದ, ನಮ್ಮ ಯಕ್ಷಗಾನದ ಕೋಡಂಗಿ ಇದ್ದ ಹಾಗೆ. ಹೆಸರು ಬಂದದ್ದು ಅವನಿಂದ.

ಇದೆಲ್ಲ ಒಂದು ಕಾಲಕ್ಕೆ ಆಸ್ಟ್ರಿಯಾ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಅರಸರ ಬೇಟೆಯ ಕಾಡು. 1766ರಲ್ಲಿ ಚಕ್ರವರ್ತಿ ಎರಡನೇ ಯೋಸೆಫ್ ಇದನ್ನು ಎಲ್ಲರಿಗೂ ತೆರೆದ. ಜನ ಬಂದರು, ಜನರ ಹಿಂದೆ ಕಾಫಿ ಅಂಗಡಿ ಬಂತು, ಅದರ ಹಿಂದೆ ಗೊಂಬೆಯಾಟ, ತಿರುಗುವ ಕುದುರೆ, ತೂಗುಯ್ಯಾಲೆ. ಯಾರೂ ಕೂತು ನಕ್ಷೆ ಬರೆದು ಕಟ್ಟಿದ್ದಲ್ಲ. ಇವತ್ತಿಗೂ ಹಲವು ಆಟಗಳನ್ನು ನಡೆಸುವುದು ತಲೆಮಾರುಗಳಿಂದ ಇಲ್ಲೇ ಇರುವ ಮನೆತನಗಳು. ಒಂದು ಆಟದ ಪಕ್ಕ ಇನ್ನೊಂದು ಆಟ ಸಂಬಂಧವೇ ಇಲ್ಲದ ಹಾಗೆ ನಿಂತಿರುವುದಕ್ಕೂ, ನನ್ನ ಟೋಕನ್ ಪಕ್ಕದಲ್ಲಿ ನಡೆಯದೇ ಹೋದದ್ದಕ್ಕೂ ಕಾರಣ ಇದೇ.

2. ತಿಂಗಳು ಮತ್ತು ಹೊತ್ತು ಆರಿಸಿಕೊಳ್ಳಿ

ಆಟಗಳ ಸೀಸನ್ ಮಾರ್ಚ್ 15ರಿಂದ ಅಕ್ಟೋಬರ್ 31ರವರೆಗೆ. ಚಳಿಗಾಲದಲ್ಲಿ ಕೆಲವು ಆಟಗಳು ಮಾತ್ರ ತೆರೆದಿರುತ್ತವೆ. ದೊಡ್ಡ ಚಕ್ರ ಚಳಿಗಾಲದಲ್ಲೂ ತಿರುಗುತ್ತದೆ, ಆದರೆ ರಿಪೇರಿಗೆಂದು ಕೆಲವು ದಿನ ನಿಲ್ಲಿಸುತ್ತಾರೆ. ಜನವರಿ, ಫೆಬ್ರವರಿಯಲ್ಲಿ ಹೋಗುವವರು ಮೊದಲೇ ವಿಚಾರಿಸಿಕೊಳ್ಳಿ.

ನನ್ನ ಕೇಳಿದರೆ ಏಪ್ರಿಲ್ ಕೊನೆ ಅಥವಾ ಮೇ ತಿಂಗಳು. ಚೆಸ್ಟ್‌ನಟ್ ಮರಗಳು ಹೂಬಿಟ್ಟಿರುತ್ತವೆ, ಬಿಸಿಲು ಹದವಾಗಿರುತ್ತದೆ.

ಹೊತ್ತಿನ ವಿಷಯ ಇನ್ನೂ ಮುಖ್ಯ. ಬೆಳಿಗ್ಗೆ ಹತ್ತಕ್ಕೇ ಹೋದರೆ ಅರ್ಧ ಅಂಗಡಿಗಳ ಶಟರ್ ಕೆಳಗೇ ಇರುತ್ತದೆ. ಮಧ್ಯಾಹ್ನ ಮೂರು ನಾಲ್ಕಕ್ಕೆ ಹೋಗಿ, ದೀಪ ಹತ್ತುವವರೆಗೆ ಇರಿ. ಒಂದೇ ಒಂದು ಎಚ್ಚರ: ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ. ಬೇಸಿಗೆಯಲ್ಲಿ ದೀಪದ ಬೆಳಕು ನೋಡಬೇಕು ಅಂದರೆ ಮಕ್ಕಳಿಗೆ ಮಧ್ಯಾಹ್ನ ಒಂದು ನಿದ್ದೆ ಮಾಡಿಸಿಯೇ ಹೊರಡಿ. ಡಿಸೆಂಬರ್‌ನಲ್ಲಾದರೆ ನಾಲ್ಕಕ್ಕೆಲ್ಲ ಕತ್ತಲು.

3. ತಲುಪುವುದು

ಇದು ಸುಲಭ. ನಗರದ ನಡುವಿನ ಸ್ಟೆಫಾನ್ಸ್‌ಪ್ಲಾಟ್ಸ್‌ನಿಂದ ಯು1 ಮೆಟ್ರೊ ಹತ್ತಿದರೆ ಮೂರನೇ ನಿಲ್ದಾಣವೇ ಪ್ರಾಟರ್‌ಸ್ಟೆರ್ನ್. ಯು2 ಕೂಡ ಅಲ್ಲಿಗೆ ಬರುತ್ತದೆ. ವಿಮಾನ ನಿಲ್ದಾಣದಿಂದ ನೇರವಾಗಿ ಬರುವವರಿಗೆ ಎಸ್7 ಲೋಕಲ್ ರೈಲು ಇದೆ. ಹಳಿ ಕೆಲಸ ನಡೆಯುತ್ತಿದ್ದರೆ ದಾರಿ ಬದಲಾಗುತ್ತದೆ, ಹತ್ತುವ ಮುನ್ನ ಫೋನಿನಲ್ಲಿ ಒಮ್ಮೆ ನೋಡಿ.

ವಿಯೆನ್ನಾ ಮೆಟ್ರೊದಲ್ಲಿ ನಮ್ಮ ಬೆಂಗಳೂರಿನ ಹಾಗೆ ತೆರೆದು ಮುಚ್ಚುವ ಗೇಟ್ ಇಲ್ಲ. ಯಾರೂ ಕೇಳಲ್ಲ ಅಂತ ಹಾಗೇ ಒಳಗೆ ಹೋಗಬೇಡಿ. ಮೆಷಿನ್‌ನಲ್ಲಿ ಕೊಂಡ ಕಾಗದದ ಟಿಕೆಟ್ ಮೇಲೆ ಮುದ್ರೆ ಇಲ್ಲದಿದ್ದರೆ ಪ್ಲಾಟ್‌ಫಾರಂಗೆ ಹೋಗುವ ದಾರಿಯಲ್ಲಿರುವ ಪುಟ್ಟ ಪೆಟ್ಟಿಗೆಗೆ ತುರುಕಿ ಮುದ್ರೆ ಹಾಕಿಸಬೇಕು. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲಿ ಬರುತ್ತಾರೆ. ಸಿಕ್ಕಿಬಿದ್ದರೆ ಕಟ್ಟುವ ದಂಡದಲ್ಲಿ ಇಡೀ ಮನೆಯವರು ದೊಡ್ಡ ಚಕ್ರ ಹತ್ತಿ ಇಳಿಯಬಹುದು.

ನಿಲ್ದಾಣದಲ್ಲೇ ಭಾನುವಾರವೂ ತೆರೆದಿರುವ ಸೂಪರ್‌ಮಾರ್ಕೆಟ್ ಇದೆ. ಆಸ್ಟ್ರಿಯಾದಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಬಂದ್. ಬ್ರೆಡ್ಡು, ಬಾಳೆಹಣ್ಣು ಏನಾದರೂ ಬೇಕಿದ್ದರೆ ಇಲ್ಲೇ ತೆಗೆದುಕೊಳ್ಳಿ. ನೀರು ಮಾತ್ರ ಕೊಳ್ಳಬೇಡಿ, ಖಾಲಿ ಬಾಟಲಿ ಸಾಕು. ಈ ಊರಿನ ನಲ್ಲಿ ನೀರು 1873ರಿಂದ ಆಲ್ಪ್ಸ್ ಬೆಟ್ಟದ ಬುಗ್ಗೆಗಳಿಂದ ಕಾಲುವೆಯಲ್ಲಿ ಹರಿದು ಬರುತ್ತಿದೆ. ತಣ್ಣಗೆ, ಸಿಹಿಯಾಗಿರುತ್ತದೆ.

4. ಒಂದು ಸುತ್ತು ಸುಮ್ನೆ ನಡೆಯಿರಿ

ನಿಲ್ದಾಣದಿಂದ ಹೊರಬಂದರೆ ಚಕ್ರವೇ ದಾರಿ ತೋರಿಸುತ್ತದೆ. ಐದು ನಿಮಿಷದ ನಡಿಗೆ. ಆದರೆ ಚಕ್ರದ ಹತ್ತಿರ ನಿಲ್ಲಬೇಡಿ, ಟಿಕೆಟ್ ಕೌಂಟರ್ ಕಡೆ ನೋಡಲೂ ಬೇಡಿ. ನೇರ ಒಳಗೆ ನಡೆಯಿರಿ.

ಈ ಮೊದಲ ಸುತ್ತಿನಲ್ಲಿ ಪರ್ಸು ತೆಗೆಯುವ ಹಾಗಿಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡಿ. ನಮ್ಮ ಮನೆಯಲ್ಲಿ ಒಂದು ನಿಯಮ ಮಾಡಿದ್ದೆ: ಎಲ್ಲ ನೋಡಿ ಆದ ಮೇಲೆ ಒಬ್ಬೊಬ್ಬರಿಗೆ ಮೂರು ಆಟ, ಯಾವುದು ಅಂತ ಅವರೇ ಹೇಳಬೇಕು. ಮಗಳು ಆರಿಸಿದ ಮೂರರಲ್ಲಿ ಮೊದಲ ಸಲ ನಾನು ದುಡ್ಡು ಸುರಿದ ಡ್ಯಾಶಿಂಗ್ ಕಾರ್ ಇರಲೇ ಇಲ್ಲ!

ನಡೆಯುವಾಗ ನೋಡಿಕೊಳ್ಳಬೇಕಾದದ್ದು ಮೂರು ವಿಷಯ. ಕಸ್ಸಾ ಅಂತ ಬರೆದಿರುವುದು ಟಿಕೆಟ್ ಕಿಟಕಿ, ಬೆಲೆ ಅಲ್ಲೇ ಬರೆದಿರುತ್ತಾರೆ. ಪಕ್ಕದಲ್ಲಿ ಸೆಂಟಿಮೀಟರ್ ಲೆಕ್ಕದ ಹಲಗೆ ಇದ್ದರೆ ಅದು ಮಕ್ಕಳ ಎತ್ತರದ ಮಿತಿ. ಕಾರ್ಡ್ ತೆಗೆದುಕೊಳ್ಳುತ್ತಾರಾ ಅನ್ನುವುದು ಮೂರನೆಯದು. ಚಿಕ್ಕ ಆಟಗಳಿಗೆ ನಗದು ಇಟ್ಟುಕೊಂಡಿರುವುದೇ ವಾಸಿ. ಐದು, ಹತ್ತು ಯೂರೊ ನೋಟುಗಳಿರಲಿ. ಶೌಚಾಲಯಕ್ಕೆಂದು 50 ಸೆಂಟಿನ ನಾಣ್ಯ ಬೇರೆ ಜೇಬಿನಲ್ಲಿರಲಿ.

ಈ ಸುತ್ತಿನಲ್ಲೇ ಪ್ರಾಟರ್ ಮ್ಯೂಸಿಯಂ ಸಿಗುತ್ತದೆ. 2024ರಲ್ಲಿ ತೆರೆದ ಹೊಸ ಮರದ ಕಟ್ಟಡ, ಪ್ರವೇಶ ಉಚಿತ. ಅರ್ಧ ಗಂಟೆ ಸಾಕು, ಆದರೆ ತಪ್ಪಿಸಬೇಡಿ. ಹಳೆಯ ವಾಟ್ಶನ್‌ಮಾನ್ ಗೊಂಬೆಯ ಬಗ್ಗೆ ಇಲ್ಲಿ ತಿಳಿಯುತ್ತದೆ. ಅದು ಕೆನ್ನೆಗೆ ಹೊಡೆಸಿಕೊಳ್ಳಲೆಂದೇ ಇಟ್ಟ ದಪ್ಪ ಗೊಂಬೆ. ದುಡ್ಡು ಕೊಟ್ಟು ಬಾರಿಸಬೇಕು, ಎಷ್ಟು ಬಲವಾಗಿ ಬಿತ್ತು ಅಂತ ಮುಳ್ಳು ತೋರಿಸುತ್ತದೆ. ಆಫೀಸಿನಿಂದ ನೇರ ಇಲ್ಲಿಗೆ ಬರುತ್ತಿದ್ದವರು ಎಷ್ಟು ಜನರೋ!

5. ಈಗ ಚಕ್ರ

ಇದರ ಹೆಸರು ರೀಸನ್‌ರಾಡ್. ಅರ್ಥ ಅದೇ, ದೈತ್ಯ ಚಕ್ರ, ನಮ್ಮ ಜೈಂಟ್ ವೀಲ್. ಆದರೆ ಜಾತ್ರೆಯ ಜೈಂಟ್ ವೀಲ್ ನೆನೆಸಿಕೊಂಡು ಹೆದರುವವರಿಗೆ ಒಂದು ಮಾತು. ಇದರಲ್ಲಿ ತೊಟ್ಟಿಲು ಇಲ್ಲ, ಇರುವುದು ಕೋಣೆ. ಕಿಟಕಿ, ಬಾಗಿಲು, ಮಾಡು ಎಲ್ಲ ಇರುವ ಕೆಂಪು ಬಣ್ಣದ ಪೆಟ್ಟಿಗೆ. ಒಳಗೆ ಎದ್ದು ಓಡಾಡಬಹುದು. ವೇಗ ಗಂಟೆಗೆ 2.7 ಕಿಲೋಮೀಟರ್. ನಾವು ತರಕಾರಿ ತರಲು ಹೋಗುವಾಗ ಇದಕ್ಕಿಂತ ಜೋರಾಗಿ ನಡೆಯುತ್ತೇವೆ. ಜಾತ್ರೆಯ ತೊಟ್ಟಿಲು ಕಂಡರೆ ದೂರದಿಂದಲೇ ಕಣ್ಣು ಮುಚ್ಚುವ ನಮ್ಮ ಅತ್ತೆಯವರು ಒಳಗೆ ಕಾಲಿಟ್ಟು, ಸುತ್ತ ನೋಡಿ, "ಅಯ್ಯೋ, ಇದು ರೈಲು ಡಬ್ಬಿ ಕಣಮ್ಮ, ಇದಕ್ಕಾ ಇಷ್ಟು ಹೆದರಿದ್ದು" ಅಂದರು. ಮೇಲೆ ಹೋದ ಮೇಲೆ ಕಿಟಕಿ ಬಿಟ್ಟು ಬರಲೇ ಇಲ್ಲ.

ಹತ್ತುವ ಮುನ್ನ ಇದರ ಕತೆ ಗೊತ್ತಿದ್ದರೆ ಆ ನಿಧಾನಕ್ಕೆ ಬೆಲೆ ಬರುತ್ತದೆ. 1897ರಲ್ಲಿ ಕಟ್ಟಿದ್ದು, ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಪಟ್ಟಕ್ಕೆ ಬಂದು ಐವತ್ತು ವರ್ಷ ತುಂಬುವ ಹೊತ್ತು. ಎತ್ತರ 64.75 ಮೀಟರ್. ಕಟ್ಟಿದವರು ಇಂಗ್ಲಿಷರು, ವಾಲ್ಟರ್ ಬ್ಯಾಸೆಟ್ ಅನ್ನುವ ಎಂಜಿನಿಯರ್. ಅವನ ಚಕ್ರಗಳಿಗೆ ಲೆಕ್ಕ ಹಾಕಿಕೊಟ್ಟವರಲ್ಲಿ ಒಬ್ಬ ಹ್ಯೂಬರ್ಟ್ ಸೆಸಿಲ್ ಬೂತ್. ಮುಂದೆ ವ್ಯಾಕ್ಯೂಮ್ ಕ್ಲೀನರ್ ಮಾಡಿದ ಬೂತ್ ಅವನೇ! ಬ್ಯಾಸೆಟ್ ಲಂಡನ್, ಬ್ಲ್ಯಾಕ್‌ಪೂಲ್, ಪ್ಯಾರಿಸ್‌ನಲ್ಲೂ ಚಕ್ರ ನಿಲ್ಲಿಸಿದ್ದ. ಅವೆಲ್ಲ ಗುಜರಿಗೆ ಹೋದವು. ಉಳಿದದ್ದು ಇದೊಂದೇ.

ಇದೂ ಹೋಗಬೇಕಿತ್ತು. 1916ರಲ್ಲಿ ಕೆಡವಲು ಅನುಮತಿ ಸಿಕ್ಕಿತ್ತು, ಕೆಡವುವ ಖರ್ಚಿಗೆ ದುಡ್ಡಿರಲಿಲ್ಲ. 1919ರಲ್ಲಿ ಎಡ್ವರ್ಡ್ ಸ್ಟೈನರ್ ಅನ್ನುವ ವ್ಯಾಪಾರಿ ಕೊಂಡದ್ದೂ ಬಿಚ್ಚಿ ಹಾಕಲೆಂದೇ. ಆದರೆ ಬಿಚ್ಚಲಿಲ್ಲ, ಬಾಡಿಗೆಗೆ ಕೊಟ್ಟ. ಆತ ಯೆಹೂದಿ. 1938ರಲ್ಲಿ ನಾಜಿಗಳು ಚಕ್ರವನ್ನು ಅವನಿಂದ ಕಿತ್ತುಕೊಂಡರು. 1944ರಲ್ಲಿ ಔಶ್ವಿಟ್ಸ್ ಅನ್ನುವ ಸಾವಿನ ಶಿಬಿರದಲ್ಲಿ ಅವನನ್ನು ಕೊಂದರು. ಅದೇ ವರ್ಷ ಚಕ್ರವೂ ಬೆಂಕಿಗೆ ಸುಟ್ಟು ಅಸ್ಥಿಪಂಜರವಾಯಿತು. ಯುದ್ಧ ಮುಗಿದು, ಊರಿಗೆ ಊರೇ ಕಲ್ಲುಮಣ್ಣಿನ ರಾಶಿಯಾಗಿದ್ದಾಗ 1947ರಲ್ಲಿ ಮತ್ತೆ ತಿರುಗಿಸಿದರು. ಸುಟ್ಟ ಚೌಕಟ್ಟು ಮೊದಲಿನಷ್ಟು ಭಾರ ಹೊರುತ್ತದೋ ಇಲ್ಲವೋ ಅನ್ನುವ ಅನುಮಾನಕ್ಕೆ 30 ಪೆಟ್ಟಿಗೆಗಳ ಬದಲು 15 ಮಾತ್ರ ಹಾಕಿದರು. ಕೆಳಗೆ ನಿಂತು ಎಣಿಸಿ ನೋಡಿ, ಈಗಲೂ ಒಂದು ಬಿಟ್ಟು ಒಂದು ಜಾಗ ಖಾಲಿ.

ಎಣಿಸುವಾಗಲೇ ಕಡ್ಡಿಗಳನ್ನೂ ನೋಡಿ. ಅಷ್ಟು ದೊಡ್ಡ ಚಕ್ರಕ್ಕೆ ದಪ್ಪ ತೊಲೆಗಳಿಲ್ಲ, ಸೈಕಲ್ ಚಕ್ರದ ಹಾಗೆ ತೆಳ್ಳನೆಯ ಉಕ್ಕಿನ ಹಗ್ಗಗಳಿವೆ. ಹೊರಗಿನ ಬಳೆಯನ್ನು ನಡುವಿನ ಅಚ್ಚಿಗೆ ಅವು ಎಳೆದು ಹಿಡಿದಿವೆ. ಸಂಜೆ ಬೆಳಕಿನಲ್ಲಿ ಹಗ್ಗಗಳು ಕಾಣುವುದೇ ಇಲ್ಲ, ಪೆಟ್ಟಿಗೆಗಳು ಗಾಳಿಯಲ್ಲಿ ತೇಲಿದ ಹಾಗಿರುತ್ತದೆ.

ಈ ಚಕ್ರದ ಮೇಲೆ ಹುಚ್ಚಾಟ ಆಡಿದವರೂ ಇದ್ದಾರೆ. 1898ರಲ್ಲಿ ಮಾರೀ ಕಿಂಡ್ಲ್ ಅನ್ನುವ ಹೆಂಗಸು ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಪೆಟ್ಟಿಗೆಯಿಂದ ನೇತಾಡಿದ್ದಳು. ತನ್ನ ಸಂಸಾರದ ಬಡತನ ಜನಕ್ಕೆ ಗೊತ್ತಾಗಲಿ ಅಂತ. 1914ರಲ್ಲಿ ಸೊಲಾಂಜ್ ದಾತಾಲಿದ್ ಅನ್ನುವ ಸರ್ಕಸ್ಸಿನಾಕೆ ಪೆಟ್ಟಿಗೆಯ ಮಾಡಿನ ಮೇಲೆ ಕುದುರೆ ಏರಿ ನಿಂತು ಒಂದು ಸುತ್ತು ಬಂದಳು. ಕುದುರೆಯನ್ನು ಒಪ್ಪಿಸಿದ್ದು ಹೇಗೋ!

ಈಗ ಕೆಲಸದ ಮಾತು. ವೇಗದ ಲೆಕ್ಕದಲ್ಲಿ ನೋಡಿದರೆ ಇಲ್ಲಿ ಇಷ್ಟು ದುಬಾರಿ ಆಟ ಇನ್ನೊಂದಿಲ್ಲ. ಆದ್ದರಿಂದ ಹೊತ್ತು ನೋಡಿ ಹತ್ತಿ. ಸೂರ್ಯ ಮುಳುಗಲು ಅರ್ಧ ಗಂಟೆ ಇರುವಾಗ ಸಾಲಿಗೆ ನಿಂತರೆ ಸರಿ. ವಾರಾಂತ್ಯದಲ್ಲಿ ಆನ್‌ಲೈನ್ ಟಿಕೆಟ್ ಇದ್ದರೆ ಕೌಂಟರಿನ ಸಾಲು ತಪ್ಪುತ್ತದೆ. ಜನ ಹತ್ತಿಸಲು ಇಳಿಸಲು ಚಕ್ರ ಮತ್ತೆ ಮತ್ತೆ ನಿಲ್ಲುತ್ತದೆ. ಹಾಗಾಗಿ ಒಂದು ಸುತ್ತಿಗೆ ಹತ್ತು ಹದಿನೈದು ನಿಮಿಷ. ಮೇಲೆ ನಿಂತಾಗ ಸ್ವಲ್ಪ ತೂಗುತ್ತದೆ, ಗಾಬರಿ ಬೇಡ. ಒಂದು ಬದಿಗೆ ಸಂತ ಸ್ಟೀಫನ್ ಚರ್ಚಿನ ಗೋಪುರ, ಇನ್ನೊಂದು ಬದಿಗೆ ಡ್ಯಾನ್ಯೂಬ್ ಆಚೆಯ ವಿಶ್ವಸಂಸ್ಥೆಯ ಕಟ್ಟಡಗಳು. ಎಲ್ಲರೂ ಮೊದಲು ಚರ್ಚಿನ ಕಿಟಕಿಗೆ ನುಗ್ಗುತ್ತಾರೆ. ನೀವು ಎದುರು ಕಿಟಕಿಗೆ ಹೋಗಿ ಆರಾಮಾಗಿ ನಿಂತುಕೊಳ್ಳಿ, ಅವರು ಆಮೇಲೆ ಬರುತ್ತಾರೆ.

6. ಹಳೆಯ ಆಟಗಳಿಗೆ ದುಡ್ಡು ಇಟ್ಟುಕೊಳ್ಳಿ

ಮೂರೇ ಆಟ ಅಂದರೆ ನಾನು ಹೇಳುವುದು ಹಳೆಯವನ್ನೇ. ತಲೆಕೆಳಗು ಮಾಡುವ ಯಂತ್ರಗಳು ಎಲ್ಲ ಊರಲ್ಲೂ ಸಿಗುತ್ತವೆ, ಇವು ಸಿಗುವುದಿಲ್ಲ.

ಹೋಖ್‌ಶೌಬಾನ್ ಅನ್ನುವುದು ಮರದ ರೋಲರ್ ಕೋಸ್ಟರ್. ಕುಳ್ಳರ ಗೊಂಬೆಗಳು, ಸುಳ್ಳು ಬೆಟ್ಟಗಳು ಇರುವ 1950ರ ಆಟ. ಇದರ ಮಜಾ ಬೆಟ್ಟದಲ್ಲಿಲ್ಲ, ಬ್ರೇಕಿನಲ್ಲಿದೆ. ಗಾಡಿಯಲ್ಲಿ ನಮ್ಮ ಜೊತೆಗೇ ಒಬ್ಬ ಬ್ರೇಕ್ ಹಿಡಿಯುವವನು ಬರುತ್ತಾನೆ. ಇಳಿಜಾರಿನಲ್ಲಿ ಎಷ್ಟು ಬಿಡಬೇಕು, ಎಲ್ಲಿ ಹಿಡಿಯಬೇಕು ಅನ್ನುವುದು ಅವನ ಕೈಯಲ್ಲಿದೆ. ಕಂಪ್ಯೂಟರ್ ಇಲ್ಲ. ಎತ್ತಿನ ಗಾಡಿ ಹೊಡೆಯುವವರ ಪಕ್ಕ ಕೂತ ಹಾಗೆ ಅವನ ಕೈ ನೋಡುತ್ತಾ ಕೂತಿದ್ದೆ.

ಲಿಲಿಪುಟ್‌ಬಾನ್ ಪುಟ್ಟ ರೈಲು. 1928ರಿಂದ ಓಡುತ್ತಿದೆ. ಹಳಿಗಳ ನಡುವೆ 381 ಮಿಲಿಮೀಟರ್ ಮಾತ್ರ, ಅಂದರೆ ಒಂದೂವರೆ ಗೇಣಿಗಿಂತ ತುಸು ಜಾಸ್ತಿ, ಒಂದು ಮೊಳಕ್ಕೆ ಕಡಿಮೆ. ಸುಮಾರು ನಾಲ್ಕು ಕಿಲೋಮೀಟರ್, ಇಪ್ಪತ್ತು ನಿಮಿಷ. ಆಟದ ಬೀದಿ ದಾಟಿ ಮರಗಳ ಒಳಗೆ ನುಗ್ಗುತ್ತದೆ. ಹಬೆ ಎಂಜಿನ್ ಓಡಿಸುವುದು ಹೆಚ್ಚಾಗಿ ವಾರಾಂತ್ಯದಲ್ಲಿ, ಉಳಿದ ದಿನ ಡೀಸೆಲ್. ಹಬೆಯ ದಿನವೇ ಹೋಗಿ. ಕಾಲು ನೋಯುತ್ತಿರುವ ಹಿರಿಯರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಮರದ ಜಾರುಬಂಡೆ ಗೋಪುರ ಟೊಬೊಗ್ಗಾನ್ ತೆರೆದಿದ್ದರೆ ಅದನ್ನೂ ನೋಡಿ. 1913ರಲ್ಲಿ ಮೊದಲು ಕಟ್ಟಿದ್ದು, ಯುದ್ಧದಲ್ಲಿ ಸುಟ್ಟ ಮೇಲೆ ಮತ್ತೆ ಕಟ್ಟಿದರು. ಸೀರೆ ಉಟ್ಟವರು ಕೆಳಗೇ ನಿಂತು ಫೋಟೋ ತೆಗೆಯುವುದು ಒಳ್ಳೆಯದು. ಭೂತ ಬಂಗಲೆಗಳು ಹಲವಾರಿವೆ. ಒಂದು ಸಾಕು, ಹೊರಗಿನ ಗೋಡೆಯ ಚಿತ್ರ ಎಷ್ಟು ಹಳೆಯದೋ ಅಷ್ಟು ಮಜಾ.

ಹೊಸ ಆಟಗಳಲ್ಲಿ ಒಂದೇ ಹೆಸರು ಹೇಳುತ್ತೇನೆ: ಪ್ರಾಟರ್‌ಟುರ್ಮ್. 117 ಮೀಟರ್ ಕಂಬಕ್ಕೆ ಸರಪಳಿಯಲ್ಲಿ ಕಟ್ಟಿದ ಕುರ್ಚಿಗಳು, ಮೇಲೆ ಹೋಗಿ ಸುತ್ತುತ್ತವೆ. ದೊಡ್ಡ ಚಕ್ರಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಎತ್ತರ. ಚಪ್ಪಲಿ, ಕನ್ನಡಕ, ಫೋನು ಕೆಳಗೆ ಬಿಡಿ. ನಾನು ಹತ್ತಲಿಲ್ಲ, ನಮ್ಮವರು ಹತ್ತಿ ಇಳಿದ ಮೇಲೆ ಹತ್ತು ನಿಮಿಷ ಮಾತಾಡಲಿಲ್ಲ.

7. ಹೊಟ್ಟೆಯ ಪ್ರಶ್ನೆ

ಮಾಂಸ ತಿನ್ನುವವರಿಗೆ ಚಿಂತೆಯಿಲ್ಲ. ಶ್ವೈಟ್ಸರ್‌ಹೌಸ್ ಅನ್ನುವ ಹಳೆಯ ತೋಟದ ಹೋಟೆಲು ಹಂದಿಯ ಮೊಣಕಾಲಿನ ದೊಡ್ಡ ತುಂಡಿಗೆ ಹೆಸರುವಾಸಿ. ಅದನ್ನು ಅಲ್ಲಿ ಶ್ಟೆಲ್ಟ್ಸೆ ಅನ್ನುತ್ತಾರೆ. ಒಬ್ಬರಿಗೆ ಒಂದು ಅಂತ ಹೇಳಬೇಡಿ, ಇಬ್ಬರಿಗೂ ಜಾಸ್ತಿಯಾಗುತ್ತದೆ.

ಸಸ್ಯಾಹಾರಿಗಳು ಲಾಂಗೋಶ್ ಹುಡುಕಿ. ಹಂಗೇರಿಯಿಂದ ಬಂದ ತಿಂಡಿ. ಹುಳಿ ಬರಿಸಿದ ಹಿಟ್ಟನ್ನು ತಟ್ಟೆಯಗಲ ತಟ್ಟಿ, ಎಣ್ಣೆಯಲ್ಲಿ ಕರಿದು, ಮೇಲೆ ಬೆಳ್ಳುಳ್ಳಿ ಸವರಿ ಕೊಡುತ್ತಾರೆ. ಭಟೂರೆಯ ದೊಡ್ಡಣ್ಣ ಅನ್ನಬಹುದು. ಬಿಸಿಯಿರುವಾಗಲೇ ತಿನ್ನಬೇಕು, ಆರಿದರೆ ಚಪ್ಪಲಿ. ಆಲೂಗಡ್ಡೆ ತುರಿದು ಕರಿದ ಕಾರ್ಟೊಫೆಲ್‌ಪುಫರ್ ಕೂಡ ಚೆನ್ನಾಗಿರುತ್ತದೆ, ಆದರೆ ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಮೊಟ್ಟೆಯೂ ಬೇಡ ಅನ್ನುವವರು "ಓನೆ ಆಯ್" ಅಂತ ಕೇಳಿ, ಮೊಟ್ಟೆ ಇಲ್ಲದೆ ಅಂತ ಅರ್ಥ. ಇನ್ನೊಂದು ಪದ ನೆನಪಿರಲಿ: ಶ್ಮಾಲ್ಟ್ಸ್. ಅದು ಹಂದಿಯ ಕೊಬ್ಬು. ಯಾವುದರಲ್ಲಿ ಕರಿದಿದ್ದೀರಿ ಅಂತ ವಿಚಾರಿಸುವುದರಲ್ಲಿ ತಪ್ಪಿಲ್ಲ, ಅವರೂ ಬೇಸರ ಮಾಡಿಕೊಳ್ಳುವುದಿಲ್ಲ.

ಸಿಹಿಗೆ ಬಾಂಬೆ ಮಿಠಾಯಿ ಇದ್ದೇ ಇದೆ. ಅದಕ್ಕಿಂತ ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿ ತೆಗೆದುಕೊಳ್ಳಿ. ಕಾಗದದ ಪೊಟ್ಟಣದಲ್ಲಿ ಬಿಸಿಯಾಗಿ ಕೊಡುತ್ತಾರೆ, ಚಳಿಯಲ್ಲಿ ಕೈಗೂ ಹಿತ.

8. ಗದ್ದಲ ಸಾಕಾದಾಗ

ಆಟದ ಬೀದಿಯಿಂದ ಐದು ನಿಮಿಷ ನಡೆದರೆ ಹೌಪ್ಟ್‌ಅಲೆ. 4.4 ಕಿಲೋಮೀಟರ್ ನೇರ ರಸ್ತೆ, ಎರಡೂ ಕಡೆ ಚೆಸ್ಟ್‌ನಟ್ ಮರಗಳು, ಕಾರುಗಳಿಗೆ ಪ್ರವೇಶ ಇಲ್ಲ. 2019ರ ಅಕ್ಟೋಬರ್ 12ರಂದು ಕೀನ್ಯಾದ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು ಎರಡು ಗಂಟೆಯೊಳಗೆ, 1:59:40ಕ್ಕೆ, ಓಡಿ ಮುಗಿಸಿದ್ದು ಇದೇ ರಸ್ತೆಯಲ್ಲಿ. ಬೆಂಗಳೂರಿನಲ್ಲಿ ಬೆಳಿಗ್ಗೆ ಓಡುವವರು ಇದ್ದರೆ ಶೂ ತರುವುದನ್ನು ಮರೆಯಬೇಡಿ.

ಹತ್ತಿರದಲ್ಲೇ ಮುಳ್ಳುತಂತಿ ಬೇಲಿಯ ಒಳಗೆ ಒಂದು ಗುಂಡನೆಯ ಮನೆ ಕಾಣುತ್ತದೆ. ಹೆಸರು ಕುಗೆಲ್‌ಮುಗೆಲ್. ಕಟ್ಟಿದ ಕಲಾವಿದ ಎಡ್ವಿನ್ ಲಿಪ್‌ಬರ್ಗರ್ ಅನುಮತಿಯ ಜಗಳದಲ್ಲಿ ರೋಸಿ 1976ರಲ್ಲಿ ಅದನ್ನು ಸ್ವತಂತ್ರ ಗಣರಾಜ್ಯ ಅಂತ ಘೋಷಿಸಿಬಿಟ್ಟ. ಮನೆ ಇಲ್ಲಿಗೆ ಬಂದದ್ದು 1982ರಲ್ಲಿ. ಮನೆ ಕಟ್ಟಲು ಪ್ಲಾನ್ ಪಾಸ್ ಮಾಡಿಸಲು ಅಲೆದವರಿಗೆ ಆತನ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ?

9. ವಾಪಸು ಹೊರಡುವಾಗ

ಶುಕ್ರವಾರ, ಶನಿವಾರ ರಾತ್ರಿ ಮೆಟ್ರೊ ಬೆಳಗಿನವರೆಗೂ ಓಡುತ್ತದೆ, ಅವಸರ ಬೇಡ. ಉಳಿದ ದಿನ ಮಧ್ಯರಾತ್ರಿ ದಾಟುವ ಮೊದಲೇ ನಿಲ್ದಾಣದಲ್ಲಿರಿ. ಪ್ರಾಟರ್‌ಸ್ಟೆರ್ನ್ ಸುತ್ತ ಜನಜಂಗುಳಿ ಇರುತ್ತದೆ, ಬ್ಯಾಗು ಮುಂದಕ್ಕೆ ಹಾಕಿಕೊಳ್ಳಿ, ಪಾಸ್‌ಪೋರ್ಟ್ ಹೋಟೆಲಿನಲ್ಲೇ ಭದ್ರವಾಗಿಟ್ಟು ಅದರ ನಕಲು ತಂದಿರಿ. ಹೊರಡುವ ಮುನ್ನ ಕೈಯಲ್ಲಿ ಟೋಕನ್ ಏನಾದರೂ ಉಳಿದಿದ್ದರೆ ಕೊಂಡ ಕಿಟಕಿಯ ಹತ್ತಿರವೇ ನಿಂತಿರುವ ಯಾವುದಾದರೂ ಮಗುವಿಗೆ, ಅವರ ಅಪ್ಪ ಅಮ್ಮನನ್ನು ಕೇಳಿ, ಕೊಟ್ಟುಬಿಡಿ. ನಮ್ಮ ಮನೆಯ ಡಬ್ಬದಲ್ಲಿ ಇನ್ನು ಜಾಗ ಇಲ್ಲ.